ಕ್ರಿಸ್‌ಮಸ್ ಕಟಿಂಗ್

ಮೇಜಿನ ಕೊನೆಯ ಡ್ರಾಯರನ್ನು ಹಿರಿಯ ಮಗ ಎಳೆದ ರಭಸಕ್ಕೆ ಅದು ಪೂರ್ತಿ ಕಿತ್ತುಕೊಂಡು ಕೈಗೇ ಬಂತು. ದಾರದ ಉಂಡೆ, ಹಳೆ ಬೀಗ, ಕನ್ನಡಕದ ಮುರಿದ ಕಾಲು ನೆಲಕ್ಕೆ ಬಿದ್ದವು. ಕತ್ತರಿ ಮಾತ್ರ ಇರಲಿಲ್ಲ.

"ಮೆಲ್ಲಗೆ ಹುಡುಕೋ. ಸತ್ತವನನ್ನೂ ಎಬ್ಬಿಸಿಬಿಡ್ತೀಯ," ಎಂದಳು ಅಪ್ಪನ ತಂಗಿ. ಎಂದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನಡುಮನೆಯಲ್ಲಿ ಅಪ್ಪ ಪೆಟ್ಟಿಗೆಯೊಳಗೆ ಮಲಗಿದ್ದ. ಕೋಟು, ಪಾಲಿಶ್ ಹಾಕಿದ ಬೂಟು, ಎದೆಯ ಮೇಲೊಂದು ಶಿಲುಬೆ, ಎಲ್ಲವೂ ಸರಿಯಾಗಿತ್ತು. ಕೂದಲು ಮಾತ್ರ ಕಿವಿ ಮುಚ್ಚಿ ಕಾಲರಿನ ಮೇಲೆ ಹರಡಿತ್ತು. ಜೀವಮಾನವೆಲ್ಲ ಊರಿನ ತಲೆಗಳನ್ನು ತಿದ್ದಿದವನು, ಬೀದಿಗೆಲ್ಲ ಕತ್ತರಿ ಮಾಮ ಎನಿಸಿಕೊಂಡವನು, ಹೀಗೆ ಹೋಗುವುದೇ? ನಾಳೆ ಬೆಳಗಾದರೆ ಕ್ರಿಸ್‌ಮಸ್. ಇವತ್ತು ಮಧ್ಯಾಹ್ನ ಮಣ್ಣು ಮಾಡಬೇಕು.

"ಕತ್ತರಿ ಮಾಮನ ಮನೇಲಿ ಒಂದು ಕತ್ತರಿ ಇಲ್ಲ ಅಂದ್ರೆ ಯಾರಾದ್ರೂ ನಂಬ್ತಾರಾ ಅತ್ತೆ?"

"ಕೊಟ್ಟುಬಿಟ್ಟ ಕಣೋ. ಅಂಗಡಿ ತಗೊಂಡವನಿಗೇ ಕೊಟ್ಟುಬಿಟ್ಟ. ಹೋದ ಕ್ರಿಸ್‌ಮಸ್ ಆಗಿ ಒಂದು ವಾರ ಕೂಡ ಆಗಿರಲಿಲ್ಲ. ಕರೆಯೋಣ ಅಂದ್ರೆ ಅವನೂ ಇವತ್ತು ಊರಲ್ಲಿಲ್ಲ."

"ಅಂಗಡಿ ಕೊಡೋವಾಗಲೇ ಅಪ್ಪ ಮನೆ ಕತ್ತರಿ ಕೊಡಲ್ಲ ಅಂದಿದ್ದನಲ್ಲ. ಆಮೇಲೆ ಯಾಕೆ ಕೊಟ್ಟ?"

ಅತ್ತೆ ಅಡುಗೆಮನೆಗೆ ಹೋಗಿ, ಹಾಲಿನ ಪ್ಯಾಕೆಟ್ ಕತ್ತರಿಸುವ ಚಿಕ್ಕ ಕತ್ತರಿಯನ್ನು ತಂದು ಅವನ ಕೈಗಿಟ್ಟಳು.

*

ಆ ಮನೆಯಲ್ಲಿ ಕ್ರಿಸ್‌ಮಸ್ ಶುರುವಾಗುತ್ತಿದ್ದುದು ಅಡುಗೆಮನೆಯ ಸ್ಟೂಲಿನ ಮೇಲೆ. ಅದು ತಾತನ ಕಾಲದ ರೂಢಿ. ಅವನದೂ ಅದೇ ಕಸುಬು. ಹಬ್ಬದ ಹಿಂದಿನ ದಿನ ಊರವರ ತಲೆಗಳನ್ನೆಲ್ಲ ಮುಗಿಸಿ ಬರುವ ಹೊತ್ತಿಗೆ ಸ್ವಂತ ಮಕ್ಕಳ ತಲೆ ಕಾಡಾಗಿರುತ್ತಿತ್ತು. ಅಂಗಡಿಯ ಬಾಗಿಲು ಹಾಕಿ, ಕತ್ತರಿಯನ್ನು ಜೇಬಿಗಿಳಿಸಿ, ಮನೆಯಲ್ಲಿ ಮತ್ತೆ ಕೆಲಸ. ಅಪ್ಪ ಅದನ್ನು ಹಾಗೇ ಮುಂದುವರಿಸಿದ. ಚಿಕ್ಕವರು ಮೊದಲು, ದೊಡ್ಡವರು ಕೊನೆಗೆ. ಕುತ್ತಿಗೆಗೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ. ಕೊನೆಯಲ್ಲಿ ಕತ್ತಿನ ಹಿಂದೆ ಪೌಡರ್ ಹಚ್ಚಿ, ಉಫ್ ಎಂದು ಊದಿ, ಬೆನ್ನು ತಟ್ಟುತ್ತಿದ್ದ.

"ಹೋಗು, ಇನ್ನು ದೇವರು ಗುರುತು ಹಿಡೀತಾನೆ."

ಮೊಮ್ಮಕ್ಕಳ ಕಾಲಕ್ಕೆ ಕತೆ ಬದಲಾಯಿತು. "ತಾತಂಗೆ ಒಂದೇ ಕಟಿಂಗ್ ಗೊತ್ತು, ಪಾತ್ರೆ ಬೋರಲು ಹಾಕಿದ ಹಾಗೆ," ಎಂದು ಅವರು ಸಲೂನಿನ ದಾರಿ ಹಿಡಿದರು. ಅಪ್ಪ ಹೊಟ್ಟೆ ಹುಣ್ಣಾಗುವಂತೆ ನಕ್ಕ. ಹೋಗಲಿ ಬಿಡು, ನನ್ನ ಮೂರು ತಲೆ ನನಗಿವೆ ಎಂದ. ಮೂವರು ಮಕ್ಕಳಿಗೂ ಮದುವೆಯಾಗಿ ಬೇರೆ ಬೇರೆ ಊರು ಸೇರಿದ ಮೇಲೂ ಆ ಮೂರು ತಲೆ ಡಿಸೆಂಬರಿನಲ್ಲಿ ತಪ್ಪದೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದವು.

ಹೋದ ವರ್ಷದವರೆಗೆ.

ಆಗ ಅಪ್ಪನ ಕೈ ಸ್ವಲ್ಪ ನಡುಗಲು ಶುರುವಾಗಿತ್ತು. ಬಸ್ ಓಡಿಸುವ ಹಿರಿಯ ಮಗ, ಒಂದು ತಲೆ ಕಡಿಮೆಯಾದರೆ ಅಪ್ಪನಿಗೆ ಅಷ್ಟು ಶ್ರಮ ಉಳಿಯುತ್ತದೆ, ಹೇಗೂ ಉಳಿದಿಬ್ಬರು ಕೂರುತ್ತಾರಲ್ಲ ಎಂದುಕೊಂಡು ಡಿಪೊ ಪಕ್ಕದ ಸಲೂನಿಗೆ ಹೋದ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮಗಳೂ ಹಾಗೇ ಎಣಿಸಿದಳು. ಎಲೆಕ್ಟ್ರಿಷಿಯನ್ ಆಗಿದ್ದ ಕಿರಿಯವನೂ ಹಾಗೇ ಎಣಿಸಿದ. ಮೂವರೂ ತಲೆ ನೀಟಾಗಿ ಮಾಡಿಸಿಕೊಂಡೇ ಬಂದು ಬಾಗಿಲಲ್ಲಿ ಒಬ್ಬರ ತಲೆ ಒಬ್ಬರು ನೋಡಿಕೊಂಡರು.

ಅಡುಗೆಮನೆಯಲ್ಲಿ ಸ್ಟೂಲು ಸಿದ್ಧವಾಗಿತ್ತು. ಅಪ್ಪ ಬಿಳಿ ಬಟ್ಟೆಯನ್ನು ತೋಳಿನ ಮೇಲೆ ಹಾಕಿಕೊಂಡೇ ಬಂದು ಮೂವರ ಕತ್ತಿನ ಮೇಲೂ ಬೆರಳಾಡಿಸಿದ. "ಒಳ್ಳೆ ಕೈ. ಚೆನ್ನಾಗಿ ಕತ್ತರಿಸಿದ್ದಾರೆ," ಎಂದ. ಆಮೇಲೆ ತಾನೇ ಆ ಸ್ಟೂಲಿನ ಮೇಲೆ ಕೂತು ಟೀ ಕುಡಿದ. ನಿನಗೆ ಶ್ರಮ ಬೇಡ ಅಂತ ಮಾಡಿಸಿಕೊಂಡು ಬಂದೆ ಅಪ್ಪ ಎಂದು ಹೇಳಿದರೆ ಮುಗಿಯುತ್ತಿತ್ತು. ಕೈ ನಡುಗುವ ಮಾತು ಎತ್ತುವುದು ಹೇಗೆ ಎಂದು ಮೂವರೂ ಸುಮ್ಮನಿದ್ದರು. ಮಾತು ಮಳೆಯ ಕಡೆಗೆ, ರಸ್ತೆಯ ಕಡೆಗೆ ಹೊರಳಿತು.

*

ಪ್ಯಾಕೆಟ್ ಕತ್ತರಿ ಮೊಂಡಾಗಿತ್ತು. ಅಪ್ಪನ ಕಿವಿಯ ಮೇಲಿನ ಕೂದಲು ತುಂಡಾಗದೆ ಅಲಗುಗಳ ನಡುವೆ ಮಡಚಿಕೊಂಡಿತು. ಇನ್ನೊಮ್ಮೆ ಪ್ರಯತ್ನಿಸಿ ಹಿರಿಯವನು ಕೈಬಿಟ್ಟ.

"ಸಾಕು, ಎಳೀಬೇಡ. ನೀರು ಹಚ್ಚಿ ಬಾಚು," ಎಂದಳು ಅತ್ತೆ. ಆಮೇಲೆ ಅವನ ತಲೆಯನ್ನೇ ನೋಡಿದಳು. "ಅವನದು ಹಾಗಿರಲಿ, ನಿನ್ನದೇನೋ ಇದು? ಅಪ್ಪನ ಮಣ್ಣಿಗೆ ಹೀಗಾ ಬರೋದು? ಮೂರು ಜನದ್ದೂ ಗುಬ್ಬಿ ಗೂಡು ಕಟ್ಟೋ ಹಾಗಿದೆ."

ಹಿರಿಯವನು ಬಾಚಣಿಗೆ ನಿಲ್ಲಿಸಿದ.

"ಈ ಸಲ ಅಪ್ಪನ ಹತ್ರ ಕೂರೋಣ ಅಂತ ಬಿಟ್ಟಿದ್ದೆ ಅತ್ತೆ. ಅಂಕುಡೊಂಕು ಆದ್ರೂ ಆಗಲಿ ಅಂತ."

ಗೋಡೆಗೊರಗಿದ್ದ ಕಿರಿಯವನು ತಲೆ ಎತ್ತಿದ. "ನೀನೂ ಬಿಟ್ಟಿದ್ಯಾ ಅಣ್ಣ? ನಾನು ದೀಪಾವಳಿ ಆದಾಗಿಂದ ಕಟಿಂಗ್ ಮಾಡಿಸಿಲ್ಲ."

ಮಗಳು ಕಣ್ಣಿಗೆ ಬೀಳುತ್ತಿದ್ದ ಮುಂಗೂದಲನ್ನು ಕಿವಿಯ ಹಿಂದಕ್ಕೆ ಸೇರಿಸಿಕೊಂಡಳು. ಚಿಕ್ಕಂದಿನಿಂದ ಅದನ್ನು ಅಪ್ಪನೇ ಕತ್ತರಿಸುತ್ತಿದ್ದ.

ಅತ್ತೆ ಕುರ್ಚಿಯ ಮೇಲೆ ಕುಸಿದು ಕೂತಳು.

"ಹೋದ ವರ್ಷ ಮೂರು ಜನಾನೂ ಒಟ್ಟಿಗೆ ಬುದ್ಧಿವಂತರಾದ್ರಿ. ಈ ವರ್ಷ ಒಟ್ಟಿಗೆ ಒಳ್ಳೆಯವರಾದ್ರಿ. ಒಂದು ಫೋನ್ ಮಾಡಿ ಹೇಳೋಕೆ ಏನಾಗಿತ್ತು ನಿಮಗೆ?"

"ದಿಢೀರಂತ ಬಂದು ಕೂತ್ರೆ ಅಪ್ಪಂಗೆ ಖುಷಿ ಆಗುತ್ತೆ ಅಂತ ಹೇಳಿರಲಿಲ್ಲ," ಎಂದಳು ಮಗಳು.

"ಖುಷಿ." ಅತ್ತೆಯ ದನಿ ಇಳಿಯಿತು. "ಕತ್ತರಿ ಯಾಕೆ ಕೊಟ್ಟ ಅಂತ ಕೇಳಿದೆಯಲ್ಲೋ, ಕೇಳಿಸ್ಕೊ. ಮಕ್ಕಳಿಗೇ ನನ್ನ ಕೈ ಮೇಲೆ ನಂಬಿಕೆ ಹೋಯ್ತು, ಇನ್ನು ಇದು ಯಾಕೆ ಅಂದ. ಹಾಗಲ್ಲ ಅಣ್ಣ ಅಂತ ಎಷ್ಟು ಹೇಳಿದ್ರೂ ಕೇಳಲಿಲ್ಲ. ಅದೇ ಕೊರಗಲ್ಲೇ ಹೋದ."

ಹಿರಿಯವನು ಬಾಚಣಿಗೆಯನ್ನು ನೀರಲ್ಲಿ ಅದ್ದಿ ಅಪ್ಪನ ಕೂದಲನ್ನು ಕಿವಿಯ ಹಿಂದಕ್ಕೆ ಬಾಚಿದ. ಅದು ನಿಲ್ಲಲಿಲ್ಲ. ಮತ್ತೆ ಬಾಚಿದ. ಅತ್ತೆ ಎದ್ದು ಪೌಡರ್ ಡಬ್ಬ ತಂದು, ಅಣ್ಣನ ಕತ್ತಿನ ಬಳಿ ಒಂದಿಷ್ಟು ಹಚ್ಚಿದಳು. ಊದಲು ಬಗ್ಗಿದವಳಿಗೆ ಉಸಿರು ಬರಲಿಲ್ಲ. ಅಷ್ಟರಲ್ಲಿ ಹೊರಗೆ ಗಾಡಿ ಬಂದು ನಿಂತಿತು.

*

ಚರ್ಚಿನ ಬಾಗಿಲಿಗೆ ಆಗಲೇ ಕಾಗದದ ನಕ್ಷತ್ರ ಕಟ್ಟಿದ್ದರು. ಪೆಟ್ಟಿಗೆ ಅದರ ಕೆಳಗೇ ಒಳಗೆ ಹೋಗಿ, ಅದರ ಕೆಳಗೇ ಹೊರಗೆ ಬಂತು.

ಸಮಾಧಿಯ ಬಳಿ ಎರಡು ಹಗ್ಗ, ನಾಲ್ಕು ತುದಿ. ಒಂದನ್ನು ಗುಂಡಿ ತೋಡಿದವನು ಹಿಡಿದ. ಉಳಿದ ಮೂರನ್ನು ಮಕ್ಕಳು ಹಿಡಿದರು. ಹೆಣ್ಣುಮಗಳಿಗೆ ಭಾರವಾಗುತ್ತದೆ ಎಂದು ಯಾರೋ ಅಂದರು. ಅವಳು ಬಿಡಲಿಲ್ಲ. ಪಾದ್ರಿ ಪ್ರಾರ್ಥನೆ ಮುಗಿಸಿ ತಲೆಯಾಡಿಸಿದರು.

"ಒಟ್ಟಿಗೆ ಬಿಡಿ. ಮೆಲ್ಲಗೆ," ಎಂದ ಗುಂಡಿ ತೋಡಿದವನು.

ಪೆಟ್ಟಿಗೆ ಇಳಿದಂತೆಲ್ಲ ಮೂವರೂ ಬಗ್ಗಿದರು. ಬಗ್ಗಿದಂತೆಲ್ಲ ಕೂದಲು ಜಾರಿ ಮೂವರ ಕಣ್ಣಿನ ಮೇಲೂ ಬಿತ್ತು. ಅಪ್ಪ ಇಳಿಯುತ್ತಿರುವುದು ಸರಿಯಾಗಿ ಕಾಣುತ್ತಿರಲಿಲ್ಲ. ಎರಡು ಕೈಯಲ್ಲೂ ಹಗ್ಗವಿತ್ತು. ಕೂದಲನ್ನು ಸರಿಸಲು ಯಾರ ಕೈಗೂ ಬಿಡುವಿರಲಿಲ್ಲ.