ಬದಲಿ ಸೋಪು

ಸೋಪಿನ ಕಂಪನಿಗೆ ಬೈಯಬೇಕು ಅನ್ನಿಸಿ ಯಾರೇ ಫೋನ್ ಮಾಡಲಿ, ಅವರ ಕಿವಿಗೆ ಮೊದಲು ಬೀಳುತ್ತಿದ್ದದ್ದು ಅಕ್ಕನ ದನಿ. ದೂರು ವಿಭಾಗದಲ್ಲಿ ಕೂರುವ ಮೂವರು ಹೆಂಗಸರಲ್ಲಿ ಅವಳೇ ಹಿರಿಯಳು, ಹಾಗಾಗಿ ಅಲ್ಲೂ ಅಕ್ಕ. ಮನೆಯಲ್ಲಿ ಒಬ್ಬ ತಮ್ಮನಿದ್ದ, ಅಲ್ಲೂ ಅಕ್ಕ. ಕಿಟಕಿಯಿಲ್ಲದ ಕೋಣೆ. ಗೋಡೆಯ ಮೇಲೆ ಕೆನ್ನೆಗೆ ಸೋಪು ಒತ್ತಿಕೊಂಡು ನಗುವ ಹೆಂಗಸಿನ ದೊಡ್ಡ ಚಿತ್ರ. ಹೆಡ್‌ಫೋನಿನ ಸ್ಪಂಜು ಸವೆದು ಹೋಗಿದ್ದರಿಂದ ಸಂಜೆ ಹೊತ್ತಿಗೆ ಅಕ್ಕನ ಕಿವಿ ಯಾರೋ ಹಿಂಡಿದ ಹಾಗೆ ಕೆಂಪಗಾಗಿರುತ್ತಿತ್ತು.

ಆ ಕೆಲಸಕ್ಕೊಂದು ಕಟ್ಟುನಿಟ್ಟಾದ ಕ್ರಮವಿತ್ತು. ಕೇಳು, ಹೇಳು, ಬದಲಿಸು. ಬೈಯುವವರು ಬೈದು ಸುಸ್ತಾಗುವ ತನಕ ಕೇಳಬೇಕು, ನಡುವೆ ಬಾಯಿ ಹಾಕುವಂತಿಲ್ಲ. ಆಮೇಲೆ ಅವರಂದದ್ದನ್ನೇ ತನ್ನ ಸ್ವಂತ ನೋವೆಂಬಂತೆ ತಿರುಗಿ ಹೇಳಬೇಕು. ‘ಮೈ ಉರೀತಿದೆ’ ಎಂದರೆ ‘ಮೈ ಉರಿದಿದೆ, ಹೀಗಾಗಬಾರದಿತ್ತು’ ಎನ್ನಬೇಕು. ‘ನಿಮ್ಮ ಪ್ರಕಾರ ಉರಿದಿದೆ’ ಎನ್ನುವ ಹಾಗಿಲ್ಲ. ಅಂದರೆ ಬೆಂಕಿಗೆ ಎಣ್ಣೆ ಸುರಿದ ಹಾಗೆ ಎಂದು ಮ್ಯಾನೇಜರು ‘ನಿಮ್ಮ ಪ್ರಕಾರ’ ಎಂಬ ಮಾತನ್ನೇ ಆ ಕೋಣೆಯಿಂದ ಗಡೀಪಾರು ಮಾಡಿದ್ದರು. ಕಡೆಗೆ ವಿಳಾಸ ಕೇಳಿ ಬದಲಿ ಸೋಪು ಕಳಿಸುವುದು. ತಪ್ಪು ಯಾರದ್ದೇ ಇರಲಿ, ಸೋಪು ಹೋಗಲೇಬೇಕು. ಸೋಪು ಕೈಜಾರಿ ಮೋರಿಗೆ ಬಿತ್ತು ಎಂದು ಒಬ್ಬಾಕೆ ಕಂಪನಿಗೆ ಶಾಪ ಹಾಕಿದ್ದಳು. ಅವಳಿಗೂ ಹೋಗಿತ್ತು.

ಅಕ್ಕ ಇದರಲ್ಲಿ ಎಷ್ಟು ಪಳಗಿದ್ದಳೆಂದರೆ, ಮನೆಯಲ್ಲಿ ಅಮ್ಮ ಮಂಡಿನೋವು ಅಂದರೂ, “ಮಂಡಿ ನೋಯ್ತಿದೆ, ಹೀಗಾಗಬಾರದಿತ್ತು” ಎಂದುಬಿಡುತ್ತಿದ್ದಳು.

“ಹಂಗಾದ್ರೆ ಬದಲಿ ಮಂಡಿ ಕಳಿಸೇ ತಾಯಿ,” ಎನ್ನುತ್ತಿದ್ದಳು ಅಮ್ಮ.

ತಮ್ಮನಿಗೆ ಬೀದಿಯವರಿಟ್ಟ ಹೆಸರು ಪಟಾಕಿ. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದ, ಸಂಜೆ ಆಯಿತೆಂದರೆ ಎಲ್ಲಾದರೂ ಸಣ್ಣ ಸಭಾಂಗಣದಲ್ಲಿ ನಿಂತು ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದ. ಕಂಪನಿಯವರು ದೊಡ್ಡ ರಂಗಮಂದಿರದಲ್ಲಿ ನಗೆ ಸಂಜೆಯೊಂದನ್ನು ಪ್ರಾಯೋಜಿಸುತ್ತಾರೆಂದು ಗೊತ್ತಾದಾಗ ಅಕ್ಕನೇ ಮ್ಯಾನೇಜರ ಕಿವಿಗೆ ಅವನ ಹೆಸರು ಹಾಕಿದಳು. ಚೆನ್ನಾಗಿ ಆದರೆ ಊರೂರಿಗೆ ಕಳಿಸುತ್ತೇವೆ ಎಂದರು ಅವರು. ಗಾಜಿನ ಪುಡಿಯಿಂದ ತಮ್ಮ ಪಾರಾಗುವ ದಾರಿ ಅದೊಂದೇ ಇತ್ತು.

ಹೊಸ ಮಾತುಗಳನ್ನೆಲ್ಲ ಅವನು ಮೊದಲು ಅಡುಗೆಮನೆಯಲ್ಲಿ ಅಮ್ಮನ ಮುಂದೆ ಒಪ್ಪಿಸುವುದು ರೂಢಿ. ಆ ಸಲವೂ ಸೌಟನ್ನೇ ಮೈಕಿನ ಹಾಗೆ ಹಿಡಿದು ನಿಂತ.

“ನಮ್ಮಮ್ಮ ಎಷ್ಟೋ ವರ್ಷದಿಂದ ದೇವರಿಗೆ ಫೋನ್ ಹಚ್ತಾನೇ ಇದ್ದಾಳೆ. ಆ ಕಡೆಯಿಂದ ಒಂದೇ ಉತ್ತರ: ತಾವು ಸರದಿಯಲ್ಲಿದ್ದೀರಿ, ದಯವಿಟ್ಟು ಕಾಯಿರಿ. ನಡುನಡುವೆ ಗಂಟೆ ಸದ್ದು. ನಮ್ಮಪ್ಪ ಹಾಸಿಗೆ ಹಿಡಿದಾಗ ಹಚ್ಚಿದ ಫೋನು ಸ್ವಾಮಿ ಅದು. ಅಪ್ಪ ಹೊರಟೂ ಹೋದ. ಅಮ್ಮ ಇನ್ನೂ ಇಟ್ಟಿಲ್ಲ. ಇಡೇ ಅಮ್ಮ ಅಂದೆ. ‘ಸುಮ್ನಿರೋ, ಇಷ್ಟು ಹೊತ್ತು ಕಾದು ಈಗ ಇಟ್ರೆ ಸರದಿ ತಪ್ಪುತ್ತೆ’ ಅಂತಾಳೆ! ನಮ್ಮಕ್ಕನ ಸೋಪಿನ ಕಂಪನಿನೇ ವಾಸಿ. ಫೋನಾದ್ರೂ ಎತ್ತುತ್ತಾರೆ, ಬದಲಿ ಸೋಪಾದ್ರೂ ಕೊಡ್ತಾರೆ.”

ಅಮ್ಮ ಕೈಯೊರಸುವ ಬಟ್ಟೆಯನ್ನು ಬಾಯಿಗೊತ್ತಿಕೊಂಡು ನಕ್ಕಳು. ನಕ್ಕು ಕಣ್ಣಲ್ಲಿ ನೀರು ಬಂತು. ಆ ನೀರು ನಗುವಿನದೊಂದೇ ಅಲ್ಲವೆಂದು ಮಕ್ಕಳಿಬ್ಬರಿಗೂ ಗೊತ್ತಿತ್ತು. “ನಿನ್ನ ನಾಲಿಗೆಗಿಷ್ಟು!” ಎಂದು ಅವನ ಬೆನ್ನಿಗೊಂದು ಗುದ್ದಿ, ಮೂಲೆಯ ದೀಪದ ಮುಂದೆ ಹೋಗಿ, “ಹುಡುಗು ಬುದ್ಧಿ, ಮನಸ್ಸಿಗೆ ಹಚ್ಕೋಬೇಡಪ್ಪ,” ಎಂದು ದೇವರಿಗೆ ಸಮಾಧಾನ ಹೇಳಿದಳು. ದೇವರು ಎಂದಿನಂತೆ ಸುಮ್ಮನಿದ್ದ.

ಮ್ಯಾನೇಜರಿಗೂ ಮೊದಲೇ ಕೇಳಿಸಬೇಕಾಗಿತ್ತು. ಅವರು ಮೇಜು ಕುಟ್ಟಿ ಕುಟ್ಟಿ ನಕ್ಕು, “ಆ ಕೊನೇ ಮಾತು ಮಾತ್ರ ತೆಗೀಬೇಡಪ್ಪ. ಇಂಥ ಜಾಹೀರಾತು ಹಣ ಸುರಿದ್ರೂ ಸಿಗಲ್ಲ,” ಎಂದರು.

ಆ ಸಂಜೆ ಅಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದಳು. ತಮ್ಮನ ಹಿಂದೆ ರಂಗದಗಲಕ್ಕೂ ಸೋಪಿನ ಚಿತ್ರ. ಫೋನಿನ ಮಾತು ಬಂದಾಗ ಇಡೀ ಮಂದಿರ ಭೋರ್ಗರೆಯಿತು. ಅಡುಗೆಮನೆಯಲ್ಲಿ ಒಮ್ಮೆ ಕೇಳಿದ್ದರೂ ಅಕ್ಕ ಮೊದಲ ಸಲ ಕೇಳಿದವಳ ಹಾಗೆ ನಕ್ಕಳು, ಪಕ್ಕದವರ ತೋಳು ಹಿಡಿದುಕೊಂಡು ನಕ್ಕಳು. “ನಮ್ಮ ಹುಡುಗ, ನನ್ನ ತಮ್ಮ,” ಎಂದು ಅವರಿಗೆ ಹೇಳಿಯೂ ಬಿಟ್ಟಳು.

ಯಾರೋ ಆ ಮಾತಿನ ಬಾಲವನ್ನಷ್ಟೇ ಕತ್ತರಿಸಿ ಮೊಬೈಲಿನಲ್ಲಿ ಹರಿಯಬಿಟ್ಟರು. ಅಪ್ಪನ ಕಾಯಿಲೆ ಇಲ್ಲ, ಕಾಯುವ ಅಮ್ಮ ಇಲ್ಲ. ‘ಸೋಪಿನ ಕಂಪನಿನೇ ವಾಸಿ’ ಎಂಬುದಷ್ಟೇ, ಮೇಲೊಂದು ತಲೆಬರಹ: ದೇವರಿಗಿಂತ ಇವರ ಸೋಪು ದೊಡ್ಡದಂತೆ! ಬೆಳಗಾಗುವಷ್ಟರಲ್ಲಿ ಊರಿಗೆ ಊರೇ ಮೈ ತೊಳೆಯುವುದನ್ನು ಬಿಟ್ಟು ಕಂಪನಿಯ ಮಾನ ತೊಳೆಯಲು ಕೂತಿತು. ಅಂಗಡಿಗಳು ಸೋಪಿನ ಪೆಟ್ಟಿಗೆಗಳನ್ನು ವಾಪಸು ಕಳಿಸಿದವು. ಪಕ್ಕದ ಮನೆಯಾಕೆ ಬಕೆಟ್ ಹಿಡಿದು ಮನೆಮನೆಯಿಂದ ಸೋಪು ಕೂಡಿಸುತ್ತಾ ಬಂದಳು, ಕಂಪನಿಯ ಗೇಟಿನ ಮುಂದೆ ಸುರಿಯಲು.

“ನಿಮ್ಮನೆಯದ್ದೂ ಹಾಕಿ ದೊಡ್ಡಮ್ಮ. ನಿಮ್ಮ ಮಗ ಅಂತ ನನಗೇನೂ ಕೋಪ ಇಲ್ಲ. ಆದ್ರೆ ದೇವರು ದೇವರೇ ಅಲ್ವಾ?”

“ಹೌದಮ್ಮ, ದೇವರೇ,” ಎಂದ ಅಮ್ಮ ಬಚ್ಚಲಿಗೆ ಹೋಗಿ, ಸವೆದು ಬೆರಳಿನಷ್ಟಾಗಿದ್ದ ತುಣುಕು ತಂದು ಹಾಕಿದಳು. “ನೊರೆ ಸರಿಯಾಗಿ ಬರಲ್ಲ. ಸುರಿಯುವಾಗ ಜಾರಿ ಬಿದ್ದೀಯ, ಹುಷಾರು.”

ದೂರು ವಿಭಾಗದಲ್ಲಿ ಉಸಿರಾಡಲೂ ಬಿಡುವಿಲ್ಲ. ಆ ದಿನ ಯಾರ ಮೈಯೂ ಉರಿದಿರಲಿಲ್ಲ, ಎಲ್ಲರ ಮನಸ್ಸು ಉರಿದಿತ್ತು. ಈ ಕರೆಗಳಿಗೇನು ಮಾಡಬೇಕೆಂದು ಅಕ್ಕ ಮ್ಯಾನೇಜರನ್ನು ಕೇಳಿದಳು.

“ಕ್ರಮ ಒಂದೇ. ಕೇಳು, ಹೇಳು, ಬದಲಿಸು.”

“ಇದಕ್ಕೆ ಬದಲಿ ಏನು ಕೊಡೋದು ಸಾರ್?”

“ಸೋಪೇ ಕೊಡಿ. ಇನ್ನೇನಿದೆ ನಮ್ಮ ಹತ್ರ?”

ಮಧ್ಯಾಹ್ನ ಫೋನಿನಲ್ಲಿ ಒಬ್ಬ ಸಿಕ್ಕ. ದೊಡ್ಡ ಗಂಟಲಿನ ಮನುಷ್ಯ. ಯಾವುದೋ ಪ್ರಾರ್ಥನಾ ಸಂಘದ ಮುಖಂಡನಂತೆ. ಬೈದ ಬೈದ, ನೀರು ಕುಡಿದು ಮತ್ತೆ ಬೈದ. ಬೈದದ್ದು ಯಾರನ್ನು ಎನ್ನುವುದು ಅಕ್ಕನಿಗೆ ಗೊತ್ತಿರಲಿಲ್ಲವೆ? ಆದರೆ ಬಾಯಿ ಬೇರೆ, ಮನಸ್ಸು ಬೇರೆ; ಬಾಯಿಗೆ ಇಷ್ಟು ವರ್ಷ ಅನ್ನ ಹಾಕಿದ್ದು ಆ ಕ್ರಮ. ಅವನು ನಿಲ್ಲಿಸಿದ ಕೂಡಲೇ ಅದು ತನ್ನಷ್ಟಕ್ಕೆ ತೆರೆದುಕೊಂಡಿತು. “ಆ ಹುಡುಗ ದೇವರನ್ನ ಹೀಯಾಳಿಸಿದ್ದಾನೆ. ಅಂಥವನಿಗೆ ನಾವು ವೇದಿಕೆ ಕೊಟ್ಟಿದ್ದೇವೆ. ನಂಬಿದವರ ಮನಸ್ಸು ನೊಂದಿದೆ, ಹೀಗಾಗಬಾರದಿತ್ತು. ತಮ್ಮ ವಿಳಾಸ ಹೇಳಿ.”

ಅವನು ವಿಳಾಸ ಹೇಳಿದ. ಪಿನ್ ಕೋಡ್ ಸಮೇತ ಹೇಳಿದ.

ಸಂಜೆ ಬಸ್ಸಿನಲ್ಲಿ ಎರಡು ಸೀಟು ಮುಂದೆ ಕೂತವರ ಮೊಬೈಲಿನಿಂದ ಅಕ್ಕನ ದನಿ ಅಕ್ಕನಿಗೇ ಕೇಳಿಸಿತು. ಹೀಯಾಳಿಸಿದ್ದಾನೆ. ಅಂಥವನಿಗೆ. ಮಧ್ಯಾಹ್ನದವನು ಆ ಮಾತನ್ನು ರೆಕಾರ್ಡ್ ಮಾಡಿ ಹರಿಯಬಿಟ್ಟಿದ್ದ. ಕೇಳಿದವರು, “ನೋಡಿ, ಕಂಪನಿಯೇ ಒಪ್ಪಿಕೊಂಡಿದೆ. ಇನ್ನೇನು ಬೇಕು?” ಎಂದರು. ಅಕ್ಕ ತನ್ನ ನಿಲ್ದಾಣಕ್ಕೂ ಮುಂಚೆಯೇ ಇಳಿದು ನಡೆದಳು.

ಮರುದಿನ ಕಂಪನಿ ಕ್ಷಮೆ ಕೇಳಿತು. ತನ್ನ ಸಿಬ್ಬಂದಿ ಮೊದಲೇ ಖೇದ ವ್ಯಕ್ತಪಡಿಸಿದ್ದಾರೆಂದು ಹೆಮ್ಮೆಯಿಂದ ಹೇಳಿಕೊಂಡು, ಆ ಹಾಸ್ಯಗಾರನ ಜೊತೆ ಇನ್ನು ಯಾವ ಸಂಬಂಧವೂ ಇಲ್ಲವೆಂದಿತು. ಕೊನೇ ಮಾತು ಬೇಕೇಬೇಕು ಎಂದಿದ್ದ ಮ್ಯಾನೇಜರು ದೂರು ವಿಭಾಗಕ್ಕೇ ಬಂದು, “ಅಕ್ಕ, ನೀವು ಕಂಪನಿ ಉಳಿಸಿದ್ರಿ,” ಎಂದು ಕೈಮುಗಿದರು.

ಅವಳು ಮನೆಗೆ ಬಂದಾಗ ತಮ್ಮ ಹೊಸ್ತಿಲಲ್ಲಿ ಕೂತಿದ್ದ. ಅಂಗಡಿಯಿಂದ ಕಳಿಸಿಬಿಟ್ಟಿದ್ದರು. “ಮಾಲೀಕರು ಒಳ್ಳೆಯವರೇ ಕಣಕ್ಕ. ‘ನನ್ನದು ಗಾಜಿನ ಅಂಗಡಿ ಮಾರಾಯ, ಕಲ್ಲು ಬಿದ್ರೆ ಎಲ್ಲಿಗೆ ಹೋಗ್ಲಿ’ ಅಂದ್ರು. ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ.”

“ಅದು ನನ್ನ ಮಾತಲ್ಲ ಕಣೋ. ಕ್ರಮ ಇರೋದೇ ಹಾಗೆ…”

“ಗೊತ್ತು. ಮಂಡಿನೋವಿಗೂ ನೀನು ಅದನ್ನೇ ಹೇಳ್ತೀಯ.” ಅವನು ತಲೆಯೆತ್ತಿದ. “ಅಕ್ಕ, ನೀನು ನಕ್ಕಿದ್ದೆ ಅಲ್ವಾ?”

“ನಕ್ಕಿದ್ದೆ.”

“ಅಷ್ಟನ್ನೇ ಎಲ್ಲರಿಗೂ ಕೇಳೋ ಹಾಗೆ ಹೇಳು. ತಮ್ಮ ಮಾಡಿದ್ದು ಸರಿ ಅನ್ನಬೇಡ. ಆ ದನಿ ನನ್ನದು, ನಾನು ಅವನ ಅಕ್ಕ, ಮುಂದಿನ ಸಾಲಲ್ಲಿ ಕೂತು ನಕ್ಕಿದ್ದೆ ಅನ್ನು. ನಾಲ್ಕು ಜನ ಬೈಯಲಿ. ಒಬ್ಬ ಸಭಾಂಗಣದವನಾದ್ರೂ ಮತ್ತೆ ಬಾಗಿಲು ತೆಗೀತಾನೆ. ಅಕ್ಕನೇ ಛೀ ಅಂದವನಿಗೆ ಯಾರು ತೆಗೀತಾರೆ ಹೇಳು.”

“ಹೇಳ್ತೀನಿ,” ಎಂದಳು ಅಕ್ಕ. ಹೇಳುವ ಮನಸ್ಸೂ ಇತ್ತು.

ಮೊದಲು ಮ್ಯಾನೇಜರ ಹತ್ತಿರ ಹೋದಳು. ಆ ಮಾತು ತನ್ನ ಅಭಿಪ್ರಾಯವಲ್ಲ, ಹಾಗೆ ಹೇಳುವುದು ಕೆಲಸದ ರೀತಿ ಎಂದು ಕಂಪನಿ ತಿಳಿಸಲಿ ಎಂದಳು. ಅವರು ಕುರ್ಚಿ ಹತ್ತಿರ ಎಳೆದುಕೊಂಡು ಮೆಲ್ಲಗೆ ಹೇಳಿದರು: “ಅಕ್ಕ, ಹಾಗಂದ್ರೆ ಏನರ್ಥ? ಇಷ್ಟು ವರ್ಷ ನೀವು ‘ಹೀಗಾಗಬಾರದಿತ್ತು’ ಅಂದಿದ್ದೆಲ್ಲ ಬರೀ ಬಾಯಿಮಾತು ಅಂತ. ಆಮೇಲೆ ಈ ಕೋಣೆ ಯಾಕೆ ಬೇಕು? ನಿಮ್ಮ ಪಕ್ಕ ಕೂರುವ ಆ ಇಬ್ಬರೂ ಯಾಕೆ ಬೇಕು? ಹೇಳೋದಾದ್ರೆ ಧಾರಾಳವಾಗಿ ಹೇಳಿ. ಇದು ಸ್ವತಂತ್ರ ದೇಶ. ಹೊರಗೆ ಹೋಗಿ ಹೇಳಿ.”

ಹೊರಗೆ ಹೋಗುವುದು ಎಂದರೆ ಏನೆಂದು ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ತಮ್ಮನ ಸಂಬಳ ನಿಂತು ಹೋಗಿತ್ತು. ಅಮ್ಮನ ಮಂಡಿಗೆ ಔಷಧಿ, ಮನೆ ಬಾಡಿಗೆ, ಎಲ್ಲ ನಿಂತಿದ್ದು ಈಗ ಅವಳ ಆ ಸವೆದ ಹೆಡ್‌ಫೋನಿನ ಮೇಲೆ. ಆದರೂ ಊಟದ ಬಿಡುವಿನಲ್ಲಿ, ಉಳಿದ ಇಬ್ಬರು ಕೆಳಗಿಳಿದ ಮೇಲೆ, ಅವಳು ದೊಡ್ಡ ಗಂಟಲಿನವನಿಗೆ ಫೋನ್ ಹಚ್ಚಿದಳು. ಒಂದೇ ಸಲಕ್ಕೆ ಎತ್ತಿದ.

“ನಾನು ಸೋಪಿನ ಕಂಪನಿಯಾಕೆ. ನೀವು ಹಾಕಿದ ದನಿ ನಂದು. ಆ ಹುಡುಗ ನನ್ನ ತಮ್ಮ.” ಅಕ್ಕ ಒಮ್ಮೆ ಬಾಗಿಲ ಕಡೆ ನೋಡಿದಳು. “ಅವನು ದೇವರನ್ನ ಹೀಯಾಳಿಸಿಲ್ಲ. ಕಾಯೋ ಅಮ್ಮನ ಕತೆ ಹೇಳಿದ. ನಾನು ಮುಂದಿನ ಸಾಲಲ್ಲಿ ಕೂತು ನಕ್ಕಿದ್ದೆ. ಈಗಲೂ ನೆನೆಸಿಕೊಂಡ್ರೆ ನಗು ಬರುತ್ತೆ.”

ಆ ಕಡೆ ಅವನೇ ನಕ್ಕ. ಆ ದೊಡ್ಡ ಗಂಟಲಲ್ಲಿ ಅಂಥ ಸಣ್ಣ ನಗು ಇದ್ದೀತೆಂದು ಅಕ್ಕ ಅಂದುಕೊಂಡಿರಲಿಲ್ಲ.

“ಪೂರ್ತಿ ನಾನೂ ನೋಡಿದೀನಮ್ಮ. ‘ಇಟ್ರೆ ಸರದಿ ತಪ್ಪುತ್ತೆ’ ಅಂತಾನಲ್ಲ, ನಮ್ಮಮ್ಮನೂ ಥೇಟ್ ಹಾಗೇ. ಆದ್ರೆ ಸಂಘ ಅಂದ್ಮೇಲೆ ನೂರಾರು ಜನ ನನ್ನ ಮುಖ ನೋಡ್ತಿರ್ತಾರೆ. ನಾನು ನಕ್ಕೆ ಅನ್ನೋಕಾಗುತ್ತಾ?” ಗಂಟಲು ಸರಿಮಾಡಿಕೊಂಡ. “ಈಗ ನೀವಂದಿದ್ದೂ ರೆಕಾರ್ಡ್ ಆಗಿದೆ. ನಮ್ಮಲ್ಲಿ ಮೋಸ ಇಲ್ಲ. ಇದನ್ನೂ ಹಾಕ್ಲಾ? ಹಾಕು ಅಂದ್ರೆ ಈಗಲೇ ಹಾಕ್ತೀನಿ.”

ಗೋಡೆಯ ಮೇಲಿನ ಹೆಂಗಸು ಕೆನ್ನೆಗೆ ಸೋಪು ಒತ್ತಿಕೊಂಡು ನಗುತ್ತಲೇ ಇದ್ದಳು. ಪಕ್ಕದ ಖಾಲಿ ಕುರ್ಚಿಗಳಲ್ಲಿ ಆ ಇಬ್ಬರ ಕೈಚೀಲಗಳು. ಅಕ್ಕನಿಗೆ ಹೊಸ್ತಿಲಲ್ಲಿ ಕೂತ ತಮ್ಮ ಕಂಡ, ಅವನ ಹಿಂದೆ ಮಂಡಿ ಹಿಡಿದುಕೊಂಡು ನಿಂತ ಅಮ್ಮ ಕಂಡಳು.

“ಬೇಡ,” ಎಂದಳು.

“ನಿಮ್ಮಿಷ್ಟ. ಅಂದ ಹಾಗೆ, ಸೋಪು ಬಂತು. ಒಂದು ಮೂಲೆ ಮುರಿದಿತ್ತು ನೋಡಿ.”

“ಮೂಲೆ ಮುರಿದಿದೆ, ಹೀಗಾಗಬಾರದಿತ್ತು,” ಎಂದಿತು ಅಕ್ಕನ ಬಾಯಿ. “ಬದಲಿ ಕಳಿಸ್ತೀವಿ.”

ಸಂಜೆ ತಮ್ಮ ಕೇಳಿದ: “ಹೇಳಿದ್ಯಾ?”

“ಹೇಳಿದೆ.” ಸುಳ್ಳಲ್ಲ. ಅವಳು ಹೇಳಿಯೇ ಇದ್ದಳು.

ಅವನು ಮೊಬೈಲನ್ನು ತಟ್ಟೆಯ ಪಕ್ಕ ಇಟ್ಟುಕೊಂಡು ಉಂಡ. ಮಾರನೇ ದಿನವೂ ಹಾಗೆಯೇ ಉಂಡ. ಏನೂ ಬರಲಿಲ್ಲ. ಒಂದು ದಿನ ಅದನ್ನು ಕಪಾಟಿನ ಮೇಲಿಟ್ಟು ಊಟಕ್ಕೆ ಕೂತ. ಮತ್ತೆ ಯಾವತ್ತೂ ಅದರ ಸುದ್ದಿ ಎತ್ತಲಿಲ್ಲ.

ಬಿಸಿ ಎಷ್ಟು ಬೇಗ ಹತ್ತಿತ್ತೋ ಅಷ್ಟೇ ಬೇಗ ಆರಿತು. ಒಂದು ಕೊಂಡರೆ ಒಂದು ಉಚಿತ ಎಂದು ಕಂಪನಿ ಸಾರಿದ ಮೇಲೆ ಪಕ್ಕದ ಮನೆಯಾಕೆ ಅದೇ ಬಕೆಟ್ ತುಂಬ ಸೋಪು ತಂದಳು, ಅಮ್ಮನಿಗೂ ಒಂದು ಕೊಟ್ಟಳು. ಅದೇ ರಂಗಮಂದಿರದಲ್ಲಿ ದೊಡ್ಡ ಗಂಟಲಿನವನ ಸಂಘದ ಪ್ರಾರ್ಥನಾ ಸಮಾವೇಶ ನಡೆಯಿತು. ಹಿಂದೆ ರಂಗದಗಲಕ್ಕೂ ಅದೇ ಸೋಪಿನ ಚಿತ್ರ, ಪ್ರಾಯೋಜಕರು ಅವರೇ. ಎಲ್ಲರ ಕೋಪಕ್ಕೂ ಬದಲಿ ಸಿಕ್ಕಿತ್ತು. ತಮ್ಮನನ್ನು ಮಾತ್ರ ಯಾವ ಸಭಾಂಗಣದವರೂ ಕರೆಯಲಿಲ್ಲ. ಕನ್ನಡಕದ ಅಂಗಡಿಯವರು ಕರೆದರು, ಗಿರಾಕಿಗಳ ಕಣ್ಣಿಗೆ ಬೀಳದಂತೆ ಹಿಂದಿನ ಕೋಣೆಯಲ್ಲಿ ಕೂರುವುದಾದರೆ. ಕೂತ. ಮನೆಗೆ ಬಂದರೆ ಬಟ್ಟೆಯ ಮೇಲೆಲ್ಲ ಗಾಜಿನ ಪುಡಿ, ಬಾಯಲ್ಲಿ ಮಾತಿಲ್ಲ. ಬೀದಿಯವರು ಪಟಾಕಿ ಎಂದು ಕರೆಯುವುದನ್ನೂ ಬಿಟ್ಟರು.

ಒಂದು ರಜೆಯ ಮಧ್ಯಾಹ್ನ ಅಕ್ಕನಿಗೆ ತಡೆಯಲಾಗಲಿಲ್ಲ. ಬಡಿಸುತ್ತಿದ್ದವಳು ಸೌಟನ್ನು ಪಾತ್ರೆಗೆ ಎಸೆದಳು.

“ಏನಾದ್ರೂ ಅನ್ನೋ! ಬೈ, ಕೂಗಾಡು, ತಟ್ಟೆ ಎಸಿ. ನಿನ್ನ ಮುಖ ನೋಡೋಕಾಗ್ತಿಲ್ಲ ನನಗೆ. ನನ್ನ ಕೆಲಸ ಹೋದ್ರೆ ಈ ಮನೆ ಏನಾಗ್ತಿತ್ತು ಅಂತ ನಿನಗೂ ಗೊತ್ತು. ಆ ಸಂಘದವನು ನನ್ನ ಮಾತು ಹಾಕ್ಲಾ ಅಂತ ಕೇಳಿದ, ನಾನೇ ಬೇಡ ಅಂದೆ. ಆಯ್ತಾ? ನಾನೇ ಬೇಡ ಅಂದೆ!”

ತಮ್ಮ ತುತ್ತು ಕೆಳಗಿಟ್ಟು ಪೂರ್ತಿ ಕೇಳಿದ. ನಡುವೆ ಬಾಯಿ ಹಾಕಲಿಲ್ಲ. ಅವಳು ಸುಸ್ತಾಗಿ ನಿಂತ ಮೇಲೆ, ಮೆತ್ತಗೆ, ಜೇನಿನಂಥ ದನಿಯಲ್ಲಿ, ಥೇಟ್ ಅವಳದೇ ದನಿಯಲ್ಲಿ ಹೇಳಿದ:

“ಮನಸ್ಸು ನೊಂದಿದೆ, ಹೀಗಾಗಬಾರದಿತ್ತು.”

ಎಷ್ಟೋ ದಿನಕ್ಕೆ ಮಗ ತಮಾಷೆ ಮಾಡಿದನೆಂದು ಅಮ್ಮ ಬಟ್ಟೆ ಬಾಯಿಗೊತ್ತಿಕೊಂಡು ನಗತೊಡಗಿದಳು. ಮಕ್ಕಳ ಮುಖ ನೋಡಿ ನಗುವನ್ನು ಅರ್ಧಕ್ಕೇ ನಿಲ್ಲಿಸಿದಳು.

ಕೇಳಿದ್ದಾಯಿತು, ಹೇಳಿದ್ದಾಯಿತು; ಅಕ್ಕ ಮೂರನೆಯದಕ್ಕೆ ಕಾದಳು. ಅವನು ತಟ್ಟೆ ಎತ್ತಿಕೊಂಡು ಬಚ್ಚಲಿಗೆ ಹೋದ. ಒಳಗೆ ನೀರು ಬಿಟ್ಟ ಸದ್ದು, ಅವನು ಕೈ ತೊಳೆಯುತ್ತಿದ್ದ, ಬಹಳ ಹೊತ್ತು.