ಮನೆ ತೊಳೆಯುವ ಅಳಿಯ

ನಮ್ಮ ಪಕ್ಕದ ಮನೆಯವರಿಗೆ ಹೆಣ್ಣುಮಕ್ಕಳಿರಲಿಲ್ಲ, ಆದರೂ ಒಬ್ಬ ಅಳಿಯನಿದ್ದ. ದಿಂಬಿನ ಕೆಳಗೆ ಬೆಳ್ಳಿಬಣ್ಣದ ಪಟ್ಟಿಯಲ್ಲಿ ಮಲಗಿರುತ್ತಿದ್ದ ಬಿಳಿ ನೋವಿನ ಗುಳಿಗೆಗೆ ಆ ಮನೆಯ ಹಿರಿಯಾಕೆ ಕಾಜಾ ಅಮ್ಮ ಇಟ್ಟ ಹೆಸರು ಅದು. "ಅವನು ಬರೋವರೆಗೂ ನಾನು ಏಳಲ್ಲಮ್ಮ. ಅಳಿಯನಿಗಲ್ದೆ ಇನ್ಯಾರಿಗೆ ಇಷ್ಟು ಮರ್ಯಾದೆ ಕೊಡ್ತಾರೆ?" ಎಂದು ನಗುತ್ತಿದ್ದರು.

ಆ ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಯಜಮಾನರು ಬಟ್ಟೆ ಕತ್ತರಿಸುವವರು, ಬೀದಿಗೆಲ್ಲ ಮಾಸ್ತರು. ಮಗ, ಸೊಸೆ ಮಿಷನ್ ತುಳಿಯುವವರು. ಗುಂಡಿ ತೂರುವ ಕಾಜಾಗಳನ್ನು ಕೈಯಲ್ಲಿ ಹೊಲಿಯುವುದು ಹಿರಿಯಾಕೆಯ ಪಾಲು, ಹಾಗಾಗಿ ಕಾಜಾ ಅಮ್ಮ. ಅವರ ಕಾಜಾ ನೋಡಿದರೆ ಸೂಜಿಯೇ ನಾಚಿಕೊಳ್ಳಬೇಕು, ಅಷ್ಟು ಒಪ್ಪ.

ಆ ಬೆರಳುಗಳಿಗೆ ಕೀಲುವಾತ ಹತ್ತಿತು. ಬೆಳಗ್ಗೆ ಎದ್ದರೆ ಬೆರಳು ಮಡಿಸಲಾಗದು, ಲೋಟ ಹಿಡಿಯಲಾಗದು. ಯಾರೋ ವೈದ್ಯರು ಸ್ವಲ್ಪ ದಿನಕ್ಕೆಂದು ಬರೆದುಕೊಟ್ಟ ಗುಳಿಗೆ ಅದು. ಮತ್ತೆ ಬನ್ನಿ, ಪರೀಕ್ಷೆ ಮಾಡಬೇಕು ಅಂದಿದ್ದರಂತೆ. ಯಾರು ಹೋಗುತ್ತಾರೆ? ನೋವು ಹೋಯಿತಲ್ಲ, ಕೆಲಸ ನಡೆಯಿತಲ್ಲ! ಮದ್ದಿನಂಗಡಿಯವನು ಮುಖ ನೋಡಿಯೇ ಪಟ್ಟಿ ಕತ್ತರಿಸಿ ಕೊಡುತ್ತಿದ್ದ.

ನಮ್ಮ ಬೀದಿಯಲ್ಲಿ ಇನ್ನೊಂದು ಕೆಟ್ಟ ಪದ್ಧತಿ. ಉಪ್ಪು ಕಡ ಕೊಟ್ಟಷ್ಟು ಸಲೀಸಾಗಿ ಗುಳಿಗೆ ಕೊಡುತ್ತೇವೆ. ಸೊಂಟ ನೋವು ಅಂದವಳಿಗೊಂದು, ಮಂಡಿ ಹಿಡಿದವನಿಗೊಂದು. ಕೊಟ್ಟವರಿಗೆ ಪುಣ್ಯ, ನುಂಗಿದವರಿಗೆ ನಿದ್ದೆ. ಕೊಡುವುದರಲ್ಲಿ ಕಾಜಾ ಅಮ್ಮನ ಕೈ ಎಲ್ಲರಿಗಿಂತ ದೊಡ್ಡದು.

ಅಳಿಯನ ಸ್ವಭಾವ ಗೊತ್ತಲ್ಲ, ಬಂದವನು ಹೋಗಲಿಲ್ಲ. ಬೆಳಗ್ಗೆ ಮಾತ್ರ ಬರುತ್ತಿದ್ದವನು ಮಧ್ಯಾಹ್ನವೂ ಬಂದ, ಸಂಜೆಯೂ ಬಂದ. ಊಟ ಸೇರದು, ಹೊಟ್ಟೆ ಕಲ್ಲು. ಸೂಜಿ ಹಿಡಿದಲ್ಲೇ ತೂಕಡಿಕೆ. ಇಷ್ಟು ಗುಳಿಗೆ ನುಂಗಿದರೂ ನೋವು ಹೋಗಲಿಲ್ಲ, ಬೆರಳುಗಳು ಒಳಕ್ಕೆ ಬಾಗುತ್ತಲೇ ಹೋದವು. "ನಾನು ಬಿಡೋಣ ಅಂದ್ರೆ ಅವನು ಬಿಡ್ತಿಲ್ಲ ಕಣೆ," ಎಂದು ಒಂದು ದಿನ ನನ್ನ ಹತ್ತಿರ ಮೆಲ್ಲಗೆ ಅಂದರು. ಆ ದಿನ ನಗಲಿಲ್ಲ.

ಆಮೇಲೆ ಒಬ್ಬ ಗಿರಾಕಿ ಶರ್ಟು ಹಿಡಿದು ವಾಪಸ್ಸು ಬಂದ. ಎದೆಯ ಎರಡೂ ಪಟ್ಟಿಗೆ ಕಾಜಾ! ಗುಂಡಿ ಹಚ್ಚಲು ಜಾಗವೇ ಇಲ್ಲ. ಮಂಪರಿನಲ್ಲಿ ಕಾಜಾ ಅಮ್ಮ ಎರಡು ಕಡೆಗೂ ತೂತು ಕೊರೆದು ಚೆಂದವಾಗಿ ಹೊಲಿದುಬಿಟ್ಟಿದ್ದರು. ಬೀದಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಸ್ತರಿಗೆ ಮೈಯೆಲ್ಲ ಉರಿಯಿತು. "ಮಾನ ಹರಾಜು ಹಾಕ್ದೆ! ಬಿಡು ಅಂದ್ರೆ ಬಿಡ್ಬೇಕು, ಅಷ್ಟೇ," ಎಂದು ಗುಳಿಗೆ ಪಟ್ಟಿಗಳನ್ನೆಲ್ಲ ಚರಂಡಿಗೆ ಎಸೆದರು.

ಮರುದಿನದಿಂದ ಆಕೆಯ ಅವಸ್ಥೆ ನೋಡಲಾಗಲಿಲ್ಲ. ಮೂಗು, ಕಣ್ಣು ಸೋರುತ್ತಿವೆ, ಮೈ ಬೆವರುತ್ತದೆ, ನಡುಗುತ್ತದೆ, ಹೊಟ್ಟೆ ಹಿಂಡಿ ವಾಂತಿ. ಗೋಡೆಯಾಚೆಗೆ ನನಗೆ ಕೇಳುತ್ತಿತ್ತು ಆ ನರಳಾಟ. "ನಾಟಕ," ಅಂದರು ಮಾಸ್ತರು. ಸೊಸೆ ಮಿಷನ್ ನಿಲ್ಲಿಸಿ ಎದ್ದಳು, ಅತ್ತೆಯನ್ನು ಆಟೋದಲ್ಲಿ ಕೂರಿಸಿದಳು. ಹಿಡಿದುಕೊಳ್ಳಲು ನಾನೂ ಹತ್ತಿದೆ.

ಆಸ್ಪತ್ರೆಯ ವೈದ್ಯೆ ಆ ಬೆರಳುಗಳನ್ನು ತಮ್ಮ ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು, ಸೊಸೆ ತಂದಿದ್ದ ಖಾಲಿ ಪಟ್ಟಿಯ ಮೇಲಿನ ಹೆಸರು ಓದಿದರು. "ಇದು ಅಫೀಮಿನ ನೆಂಟಸ್ತಿಕೆಯ ಮಾತ್ರೆ ಅಮ್ಮ. ಮೈಗೆ ಒಗ್ಗಿಹೋಗಿದೆ."

"ಅಫೀಮಾ? ನಾನಾ?" ಕಾಜಾ ಅಮ್ಮನ ಮುಖ ಬಿಳಿಚಿತು.

"ನಿಮ್ಮ ತಪ್ಪಲ್ಲ. ನೋವು ಸುಳ್ಳೂ ಅಲ್ಲ. ಆದ್ರೆ ಈ ಮಾತ್ರೆ ನೋವಿನ ಬಾಯಿ ಮುಚ್ಚುತ್ತೆ ಅಷ್ಟೇ, ಕೀಲಿನೊಳಗಿನ ಉರಿ ಆರಿಸಲ್ಲ. ಅದಕ್ಕೆ ಬೇರೆ ಔಷಧಿ ಇದೆ, ಮೊದಲೇ ಶುರು ಮಾಡಿದ್ರೆ ಬೆರಳು ಇಷ್ಟು ಬಾಗ್ತಿರ್ಲಿಲ್ಲ. ಈಗ್ಲೂ ಕೊಡೋಣ. ಇದನ್ನ ಮಾತ್ರ ಒಂದೇ ಸಲಕ್ಕೆ ಬಿಡ್ಬಾರ್ದು, ನಾನು ಹೇಳಿದ ಹಾಗೆ ನಿಧಾನವಾಗಿ ಇಳಿಸ್ಬೇಕು. ಇನ್ನೊಬ್ಬರಿಗೆ ಕೊಡಲೇಬೇಡಿ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಕಾಜಾ ಅಮ್ಮನಿಗೆ ಬುದ್ಧಿ ಬಂತು, ಬಿಡುಗಡೆ ಬರಲಿಲ್ಲ. ಗುಳಿಗೆ ಇಳಿಸುತ್ತಾ ಬಂದರು, ಆದರೆ ಪ್ರತಿ ಇಳಿತವೂ ಒಂದು ಯುದ್ಧ. ಹೊತ್ತಿಗೆ ಮುಂಚೆಯೇ ಕಣ್ಣು ದಿಂಬಿನ ಕಡೆಗೆ ಹೋಗುವುದು.

ಮೊನ್ನೆ ರವಿಕೆ ತರಲೆಂದು ಹೋದೆ. ಕೋಣೆಯ ತುಂಬ ಶಾಲೆಯ ಸಮವಸ್ತ್ರದ ರಾಶಿ. ಸೊಸೆ ಮಿಷನ್ನಿನ ಮುಂದೆ ಸುಮ್ಮನೆ ಕೂತಿದ್ದಳು, ಬೆರಳ ಗೆಣ್ಣುಗಳು ಊದಿದ್ದವು. ಬಹಳ ದಿನದಿಂದ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳಂತೆ.

"ನಿಂದೂ ಶುರುವಾಯ್ತಾ?" ಅಂದರು ಮಾಸ್ತರು. ಹೆಂಡತಿಯ ಕಡೆ ತಿರುಗಿ, "ಏ, ಅವಳಿಗೊಂದು ಕೊಡೇ. ನಾಳೆ ಬಟ್ಟೆ ಹೋಗ್ಬೇಕು."

"ಬೇಡ ಮಾವ, ಆಸ್ಪತ್ರೆಗೆ ಹೋಗ್ತೀನಿ."

"ಹೋಗು, ಬೇಡ ಅಂದೋರ್ಯಾರು? ಕೆಲಸ ಮುಗಿಸಿ ಹೋಗು. ಒಂದು ನುಂಗಿದ್ರೆ ಪ್ರಾಣ ಹೋಗುತ್ತಾ? ನಿಮ್ಮತ್ತೆ ಇಷ್ಟು ವರ್ಷ ನುಂಗ್ಲಿಲ್ವಾ?"

ಮಗ ಮಿಷನ್ ತುಳಿಯುತ್ತಲೇ ಇದ್ದ. ಮೂಲೆಯ ಹಾಸಿಗೆಯಲ್ಲಿ ಕೂತಿದ್ದ ಕಾಜಾ ಅಮ್ಮನ ಕೈ ಅಭ್ಯಾಸಬಲದಿಂದ ದಿಂಬಿನ ಕೆಳಗೆ ಹೋಗಿ ಪಟ್ಟಿಯನ್ನು ಹೊರಗೆ ತಂದೇಬಿಟ್ಟಿತು. ಆಕೆ ಒಮ್ಮೆ ಪಟ್ಟಿಯನ್ನು ನೋಡಿದರು, ಒಮ್ಮೆ ಸೊಸೆಯ ಗೆಣ್ಣುಗಳನ್ನು.

"ಕೊಡಲ್ಲ ರೀ."

"ಏನಂದೆ?"

"ಕೊಡಲ್ಲ ಅಂದೆ. ಅಳಿಯ ಮನೆ ತೊಳಿಯ, ಬಂದ್ರೆ ಮನೇನೇ ಬರಿದು ಮಾಡ್ತಾನೆ ಅಂತ ಗಾದೆ ಹೇಳ್ಕೊಂಡು ನಗ್ತಿದ್ವಿ. ನನ್ನ ತೊಳೆದ್ನಲ್ಲ, ಅಷ್ಟು ಸಾಕು. ನಾನು ಹೊರಗೆ ಬರೋಕಾಗ್ದೆ ಸಾಯ್ತಿದೀನಿ, ಅವಳನ್ನೂ ಒಳಗೆ ತಳ್ಳಿ ಬಾಗಿಲು ಹಾಕ್ಲಾ? ಬಟ್ಟೆ ನಾಳಿದ್ದು ಹೋಗ್ಲಿ. ನೀನು ಚಪ್ಪಲಿ ಮೆಟ್ಕೋ ಮಗಳೇ."

ಮಾಸ್ತರು ಪಟ್ಟಿ ಕಸಿಯಲು ಕೈ ಹಾಕಿದರು. ಬಾಗಿದ ಆ ಬೆರಳುಗಳು ಬಿಚ್ಚಲಿಲ್ಲ. ಅಷ್ಟು ವರ್ಷ ಕಾಡಿದ ಬೆರಳುಗಳು ಅಂದು ಆಕೆಯ ಮಾತು ಉಳಿಸಿದವು. ಸೊಸೆ ಚಪ್ಪಲಿ ಮೆಟ್ಟಿ, ಬಾಗಿಲು ದಾಟಿ ಬೀದಿಗಿಳಿದಳು.

ಮಾಸ್ತರು ಗೊಣಗುತ್ತಾ ಕತ್ತರಿ ಹಿಡಿದರು. ಕಾಜಾ ಅಮ್ಮ ಬೆವರುತ್ತಿದ್ದರು, ಅವರ ಗುಳಿಗೆಯ ಹೊತ್ತಾಗಿತ್ತು. ಬಿಗಿಮುಷ್ಟಿಯನ್ನು ನನ್ನ ಮುಂದೆ ಚಾಚಿದರು.

"ನೀನೇ ಬಿಡಿಸಿ ಕೊಡಮ್ಮ," ಅಂದರು. "ಅರ್ಧ. ಡಾಕ್ಟ್ರು ಹೇಳಿದಷ್ಟೇ."