ಕಾತ್ಯಾಯಿನಿಯ ಎಂಜಿನ್

“ಹಳೇ ಎಂಜಿನ್ ಕತೆ ಮುಗೀತು ಸಾರ್,” ಎಂದ ಮೆಕ್ಯಾನಿಕ್ ಕೈಲಾಸ್, ಕಿಟ್ಟಣ್ಣನ ಮುಖ ನೋಡಿಕೊಂಡು.

ಕಾತ್ಯಾಯಿನಿಗೆ ಮೈಯೆಲ್ಲ ಉರಿದುಹೋಯಿತು. ಕಾರು ಅವಳದು. ಹತ್ತೊಂಬತ್ತು ವರ್ಷ ಅದನ್ನು ಓಡಿಸಿದವಳೂ ಅವಳೇ. ಅಣ್ಣ ಕಿಟ್ಟಣ್ಣನಿಗೆ ಸೈಕಲ್ ಬಿಟ್ಟು ಬೇರೊಂದು ವಾಹನ ಮುಟ್ಟಿ ಗೊತ್ತಿಲ್ಲ. ಆದರೂ ಇಟ್ಟಮಡುವಿನ ಈ ಗ್ಯಾರೇಜಿಗೆ ಬಂದಾಗಿನಿಂದ ಅವಳು ಕೇಳಿದ ಪ್ರಶ್ನೆಗೆಲ್ಲ ಕೈಲಾಸ್ ಉತ್ತರ ಹೇಳುತ್ತಿದ್ದುದು ಕಿಟ್ಟಣ್ಣನಿಗೆ. ಅವನೋ, ಎಲ್ಲ ಅರ್ಥವಾದವನಂತೆ ಗಂಭೀರವಾಗಿ ತಲೆಯಾಡಿಸುತ್ತಿದ್ದ.

“ಬಿಸಿಯಾಗಿ ಹೆಡ್ ಬೆಂಡಾಗಿದೆ, ಬ್ಲಾಕು ಸೀಳಿದೆ. ರಿಪೇರಿ ಆಗಲ್ಲ, ಬೇರೆ ಎಂಜಿನ್ನೇ ಕೂರಿಸ್ಬೇಕು. ನೋಡಿ ಸಾರ್, ಎರಡಿದೆ.”

ಶೆಡ್ಡಿನ ಮೂಲೆಯಲ್ಲಿ ಹಳೇ ಟೈರುಗಳ ಮೇಲೆ ಎರಡು ಎಂಜಿನ್ ಕೂತಿದ್ದವು. ಒಂದು ಚಿಕ್ಕದು, ಅವಳ ಕಾರಿನ ಜಾತಿಯದೇ. ಹಿಂಬದಿ ನಜ್ಜುಗುಜ್ಜಾದ ಯಾವುದೋ ಕಾರಿನಿಂದ ಬಿಚ್ಚಿ ತಂದದ್ದು. ಇನ್ನೊಂದು ಅದಕ್ಕಿಂತ ದೊಡ್ಡ ಕಾರಿನದು, ಅದನ್ನು ಕೈಲಾಸ್ ಒರೆಸಿ ಮಿರಮಿರ ಮಿಂಚಿಸಿಟ್ಟಿದ್ದ.

“ದೊಡ್ಡದು ಹಾಕಿದ್ರೆ ಸಖತ್ ಪಿಕಪ್ಪು ಸಾರ್. ಸ್ವಲ್ಪ ವೆಲ್ಡಿಂಗ್ ಮಾಡ್ಬೇಕು, ಆರ್‌ಟಿಓ ಓಡಾಟ ಜಾಸ್ತಿ. ಆದ್ರೆ ಗಾಡಿ ಹಾರತ್ತೆ.”

“ಹೇಗೂ ಕೈ ಹಾಕಿದ್ದಾಯ್ತು, ದೊಡ್ಡದೇ ಇರ್ಲಿ ಕಾತ್ಯಾ. ನಂದಿಬೆಟ್ಟ ಹತ್ಸಬಹುದು,” ಎಂದ ಕಿಟ್ಟಣ್ಣ.

“ನಂದಿಬೆಟ್ಟಕ್ಕೆ ಯಾರು ಹೋಗ್ತಾರೆ ಕಿಟ್ಟಣ್ಣ?”

“ಹೋಗೋದಾದ್ರೆ ಅಂದೆ. ಇಲ್ಲಾ, ಕಾರೇ ಬೇಡ ಅಂದ್ಬಿಡು. ನಿನಗೂ ಅರವತ್ತೆರಡಾಯ್ತು. ನಾನಿಲ್ವಾ, ಆಟೋ ಕರೀತೀನಿ.”

ಆ ಆಟೋ! ಕಾರು ಬನಶಂಕರಿ ಸಿಗ್ನಲ್ಲಿನಲ್ಲಿ ಹೊಗೆ ಉಗುಳಿ ನಿಂತು ಹದಿನೇಳು ದಿನವಾಗಿತ್ತು. ಅಷ್ಟೂ ದಿನ, ಅವಳು ಜಯನಗರದ ಮನೆಯ ಗೇಟು ಮುಟ್ಟಿದರೆ ಸಾಕು, ಕಿಟ್ಟಣ್ಣ ಮಹಡಿಯಿಂದ ಇಳಿದು ಬರುತ್ತಿದ್ದ. ಎಲ್ಲಿಗೆ, ಯಾಕೆ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ವಿಚಾರಿಸಿ, ಫೋನಿನಲ್ಲಿ ಆಟೋ ಕರೆದು, ತಾನೂ ಹತ್ತಿ ಕೂರುತ್ತಿದ್ದ. ಬಿಳೇಕಹಳ್ಳಿಯಲ್ಲಿ ಗೆಳತಿ ಲಕ್ಷ್ಮಿದೇವಮ್ಮನ ಮನೆಗೆ ಹೋದರೆ, ಇಬ್ಬರು ಹೆಂಗಸರ ನಡುವೆ ಕೂತು ಪೇಪರ್ ಓದುತ್ತಿದ್ದ. ಬಾಯಿಬಿಟ್ಟು ಒಂದು ಮಾತಾಡುವ ಹಾಗಿಲ್ಲ. ಮದುವೆಯ ಗೋಜಿಗೇ ಹೋಗದೆ, ಯಾರ ಅಪ್ಪಣೆಗೂ ಕಾಯದೆ ಬಾಳಿದವಳು ಕಾತ್ಯಾಯಿನಿ. ಅಣ್ಣನದು ಪ್ರೀತಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಸಿರುಕಟ್ಟಿಸುವ ಪ್ರೀತಿ. ಕಾರು ಕೈಬಿಟ್ಟರೆ ಸಾಯುವ ತನಕ ಇದೇ ಗತಿ.

“ಅಲ್ಲಪ್ಪಾ, ಅಷ್ಟು ಬಿಸಿ ಯಾಕಾಯ್ತು?” ಎಂದು ರೇಗಿದಳು. “ನಾನು ತಿಂಗ್ಳು ತಿಂಗ್ಳು ನೀರು ನೋಡ್ತೀನಿ. ಹಿಂದಿನ ಮೆಕ್ಯಾನಿಕ್ಕೇ ಏನೋ ಕೆಡಿಸಿರ್ಬೇಕು.”

ಕೈಲಾಸ್ ನಕ್ಕು, ಬಿಚ್ಚಿಟ್ಟಿದ್ದ ರೇಡಿಯೇಟರನ್ನು ಎತ್ತಿ ತಂದು ಕಿಟ್ಟಣ್ಣನ ಮುಂದೆ ಬಗ್ಗಿಸಿದ. ನೀರು ಹರಿಯಬೇಕಾದ ಸಣ್ಣ ಕೊಳವೆಗಳ ಬಾಯಿಗೆಲ್ಲ ರಾಡಿ ಮೆತ್ತಿತ್ತು. ತಂತಿಯಿಂದ ಕೆದಕಿದ. ತುಳಸಿಯ ದಂಟು ಬಂತು. ಮತ್ತೆ ಕೆದಕಿದ. ಉಬ್ಬಿಕೊಂಡ ನಾಲ್ಕೈದು ಅಕ್ಕಿಕಾಳು ಬಂದವು.

“ಯಾರ್ ಸಾರ್ ಇದು, ರೇಡಿಯೇಟರ್‌ಗೆ ಪೂಜೆ ಮಾಡಿರೋದು? ನೀರು ಓಡಾಡೋಕೆ ಜಾಗಾನೇ ಇಲ್ಲ!”

ಆಯುಧಪೂಜೆ ಕಳೆದು ತಿಂಗಳಾಗಿತ್ತಷ್ಟೆ. ಕಾತ್ಯಾಯಿನಿಗೆ ಥಟ್ಟನೆ ಹೊಳೆಯಿತು. ಕಳಶದ ನೀರನ್ನು ಕಾಲಿಗೆ ಸಿಗುವ ಕಡೆ ಚೆಲ್ಲಬಾರದು ಎಂದು ಅಮ್ಮ ಹೇಳುತ್ತಿದ್ದಳು. ಅಂಗಳಕ್ಕೆಲ್ಲ ಸಿಮೆಂಟು ಬಿದ್ದಿತ್ತು, ತುಳಸಿ ಕುಂಡ ಬಿಸಿಲಿಗೆಂದು ಮಹಡಿ ಸೇರಿತ್ತು, ಮೆಟ್ಟಿಲು ಹತ್ತಲು ಮಂಡಿ ಒಪ್ಪುತ್ತಿರಲಿಲ್ಲ. ಹಾಗಾಗಿ ವರ್ಷಾ ವರ್ಷ ಬಾನೆಟ್ ಎತ್ತಿ, ಕಳಶದ ನೀರನ್ನು ರೇಡಿಯೇಟರಿಗೆ ಸುರಿಯುತ್ತಿದ್ದಳು. ಕಾರಿಗೂ ತೀರ್ಥವಾಯಿತು, ನೀರಿಗೂ ಜಾಗವಾಯಿತು ಎಂಬ ಜಾಣತನ. ಎರಡು ಕಾಳು ಅಕ್ಷತೆ ಬಿದ್ದರೆ ಏನಾದೀತು ಎಂಬ ಉಡಾಫೆ. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳಿದವಳ ಬುದ್ಧಿ ಇದು! ಮೇಲಾಗಿ, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಹಿಂದಿನ ಮೆಕ್ಯಾನಿಕ್ಕಿನ ಮೇಲೆ ಗೂಬೆ ಕೂರಿಸಿದ್ದಳು.

ಕಿಟ್ಟಣ್ಣ ಕಾಳುಗಳನ್ನು ನೋಡಿದ. ಅವನಿಗೆ ಗೊತ್ತಿತ್ತು. ಅವಳು ಬಾನೆಟ್ ಎತ್ತುವುದನ್ನು ಪ್ರತಿ ವರ್ಷ ಮಹಡಿಯಿಂದ ನೋಡಿದ್ದ.

“ನಾನೇ ಕಣಪ್ಪಾ ಹಾಕಿದ್ದು,” ಎಂದ ಮೆಲ್ಲಗೆ. “ತಿಳೀಲಿಲ್ಲ.”

“ಹೋಗ್ಲಿ ಬಿಡಿ ಸಾರ್. ದೊಡ್ಡೋರು, ನಿಮಗೇನ್ ಹೇಳೋದು.”

ಅಷ್ಟಕ್ಕೇ ಮುಗಿಯಬಹುದಿತ್ತು. ಅಣ್ಣ ಹೊದಿಸಿದ ಕಂಬಳಿಯೊಳಗೆ ತೆಪ್ಪಗೆ ಇದ್ದುಬಿಡಬಹುದಿತ್ತು. ಆದರೆ ಕಾತ್ಯಾಯಿನಿಗೆ ಎದೆಯಲ್ಲಿ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಕುದಿದವು. ತನ್ನ ತಪ್ಪನ್ನೂ ಇವನೇ ಹೊತ್ತುಕೊಂಡರೆ ತನಗೆ ಅಂತ ಉಳಿಯುವುದೇನು?

“ಅವನಲ್ಲ ಕೈಲಾಸ್, ನಾನು ಹಾಕಿದ್ದು. ಹಿಂದಿನ ಮೆಕ್ಯಾನಿಕ್ಕಿಂದೂ ಏನೂ ತಪ್ಪಿಲ್ಲ.” ಅವಳ ದನಿ ಪಾಠ ಹೇಳುವ ದನಿಯಾಗಿತ್ತು. “ಕೆಡಿಸಿದೋಳೂ ನಾನೇ, ಓಡಿಸೋಳೂ ನಾನೇ. ಚಿಕ್ಕ ಎಂಜಿನ್ನೇ ಕೂರ್ಸಿ. ನನ್ನ ಕೈಗೆ ಪಳಗಿರೋದು ಅದೇ. ರೇಡಿಯೇಟರ್ ಹೊಸದು ಹಾಕಿ. ಇನ್ನೇನಿದ್ರೂ ನನ್ನ ಕೇಳಿ.”

“ಕಾತ್ಯಾ, ಒಂದ್ಸಲ ಯೋಚನೆ...”

“ಯೋಚನೆ ಮಾಡಿ ಆಯ್ತು ಕಿಟ್ಟಣ್ಣ.”

ಕೈಲಾಸ್ ಮೊದಲ ಬಾರಿಗೆ ಅವಳತ್ತ ತಿರುಗಿದ. ಕೈ ಒರೆಸಿಕೊಂಡ.

“ಸರಿ ಮೇಡಂ. ಮುಂದಿನ ಶುಕ್ರವಾರ ಕೊಡ್ತೀನಿ. ಆರ್‌ಸೀಲಿ ಎಂಜಿನ್ ನಂಬರ್ ಬದಲಾಯಿಸ್ಬೇಕು, ನಿಮ್ ಸೈನ್ ಬೇಕಾಗತ್ತೆ.”

“ಮಾಡ್ತೀನಿ.”

ತಂತಿಯ ತುದಿಯಲ್ಲಿದ್ದ ಕಾಳುಗಳನ್ನು ಕೈಲಾಸ್ ಇನ್ನೇನು ಒದರಬೇಕು, ಕಾತ್ಯಾಯಿನಿ ಕೈಯೊಡ್ಡಿ ಹಿಡಿದಳು. ಎಷ್ಟೆಂದರೂ ಅಕ್ಷತೆ. ಆಯಿಲ್ ಚೆಲ್ಲಿದ ಈ ನೆಲದಲ್ಲಿ, ಓಡಾಡುವವರ ಕಾಲಡಿಗೆ ಹೇಗೆ ಹಾಕುವುದು? ಅಂಗೈ ಮುಚ್ಚಿಕೊಂಡು ಸುತ್ತ ನೋಡಿದಳು.

“ಕೊಡು ಇಲ್ಲಿ,” ಎಂದು ಕಿಟ್ಟಣ್ಣ ಕೈ ಚಾಚಿದ.

ಅವಳು ಕೊಟ್ಟಳು. ಫೋನ್ ತೆಗೆದು, ಮನೆಗೆ ಹೋಗಲು ಆಟೋವನ್ನು ಈ ಸಲ ತಾನೇ ಕರೆದಳು. ತಲೆಯೆತ್ತಿ ನೋಡಿದಾಗ ಕಿಟ್ಟಣ್ಣ ರಸ್ತೆಯಾಚೆಯ ಹೊಂಗೆ ಮರದ ಬುಡದಲ್ಲಿ ಚಪ್ಪಲಿ ಬಿಟ್ಟು, ಮಂಡಿ ಹಿಡಿದುಕೊಂಡು, ನಿಧಾನವಾಗಿ ಬಗ್ಗುತ್ತಿದ್ದ.